ಉಜ್ಜದೆ ಬಿಟ್ಟ ಅಂಚು

ಫೆಬ್ರವರಿ ೪

ಅಮ್ಮಾ,

ಫೋನ್ ಮಾಡಿದರೆ ನಾವಿಬ್ಬರೂ ಒಟ್ಟಿಗೇ ಮಾತು ಶುರುಮಾಡಿ ಒಟ್ಟಿಗೇ ಸುಮ್ಮನಾಗುತ್ತೇವೆ. ಆಮೇಲೆ ನೀನು "ಊಟ ಆಯ್ತಾ" ಅಂತೀಯ, ನಾನು "ಆಯ್ತು" ಅಂತೀನಿ, ಅಲ್ಲಿಗೆ ಮುಗಿಯಿತು. ಅದಕ್ಕೇ ಬರೆಯುತ್ತಿದ್ದೇನೆ. ಕಾಗದಕ್ಕೆ ಅಡ್ಡಬಾಯಿ ಹಾಕಲು ಬರುವುದಿಲ್ಲ.

ನಿನ್ನಿಂದ ಒಂದು ಸಲಹೆ ಬೇಕು. ನಾನು ನುಡಿಸುವ ಹೋಟೆಲಿನಲ್ಲಿ ಜೂನ್‌ನಿಂದ ಹಳೆಯ ಹಾಡುಗಳ ಕಾರ್ಯಕ್ರಮ ಇಡುತ್ತಾರಂತೆ. ಮ್ಯಾನೇಜರ್ ನನ್ನ ನೀಲಿ ಗಿಟಾರನ್ನು ಮೇಲಿಂದ ಕೆಳಗೆ ನೋಡಿ, "ಹಾಡು ನಮ್ಮಜ್ಜನ ಕಾಲದ್ದು, ನಿನ್ನ ಗಿಟಾರ್ ನೋಡಿದ್ರೆ ನಿನ್ನೆ ಡಬ್ಬದಿಂದ ಬಿಚ್ಚಿದ ಹಾಗಿದೆ. ಹಳೇ ಕಳೆ ಇರೋದು ತಗೊಂಡು ಬಾ. ಇಲ್ಲಾಂದ್ರೆ ತರೋರು ಬೇಕಾದಷ್ಟು ಜನ ಇದ್ದಾರೆ" ಅಂದ. ನಮ್ಮ ಡ್ರಮ್‌ನವನು ಪಕ್ಕದಲ್ಲೇ ನಿಂತು, "ಸಾರ್, ನಾನು ಹಳೇ ಕಳೆ ತಾನೆ?" ಎಂದು ಬೋಳುತಲೆ ತೋರಿಸಿದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಇಲ್ಲಿನ ಅಂಗಡಿಯಲ್ಲಿ ಅಂಥವನ್ನು ಸಾಲಾಗಿ ನೇತುಹಾಕಿದ್ದಾರೆ. ಬಣ್ಣ ಎದ್ದುಹೋಗಿದೆ, ಸ್ಕ್ರೂಗೆ ತುಕ್ಕು ಹಿಡಿದಿದೆ, ತೋಳು ಊರುವ ಕಡೆ ಮರವೇ ಕಾಣುತ್ತದೆ. ಎಲ್ಲವೂ ಹೊಚ್ಚಹೊಸದು! ಬೆಲೆ ಕೇಳಿದರೆ ಹೊಳೆಯುವುದಕ್ಕಿಂತ ಸವೆದದ್ದೇ ದುಬಾರಿ. ನಿಮ್ಮ ಕಾರ್ಖಾನೆಯ ಚೀಟಿ ಅವಕ್ಕೆ ಕಟ್ಟಿತ್ತು. ನೀನು ಒಳಗಿನವಳು. ನೀನೇ ಹೇಳು, ಅಂಥದ್ದನ್ನು ತೆಗೆದುಕೊಳ್ಳಬಹುದಾ?

ಅಪ್ಪನ ಗಿಟಾರ್ ಸರಿಹೋಗುವ ಹಾಗಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ರಿಪೇರಿಯವರಿಗೆ ತೋರಿಸುತ್ತೇನೆ ಅಂತ ನೀನು ಅಂದಿದ್ದೆ. ತೋರಿಸಿದೆಯಾ? ಈ ಪ್ರಶ್ನೆಗೆ ಮಾತ್ರ "ಊಟ ಆಯ್ತಾ" ಅನ್ನಬೇಡ.

ಬೆರಳು ನೋಯುತ್ತಿದೆ, ಇಷ್ಟು ಸಾಕು.
ಗುಬ್ಬಿ

ಫೆಬ್ರವರಿ ೧೫

ಗುಬ್ಬೀ,

ದೇವರು ನಡೆಸಿದ ಹಾಗೆ ನಡೆಯುತ್ತಿದೆ. ಬಲಗೈ ಭುಜ ಮಾತ್ರ ನಡೆಯಲೊಲ್ಲದು. ಬೆಳಿಗ್ಗೆ ದೀಪ ಹಚ್ಚಲು ಎತ್ತಿದರೆ ನಡುವೆಯೇ ನಿಂತುಬಿಡುತ್ತದೆ. ಎಡಗೈಯಿಂದ ಹಚ್ಚುತ್ತೇನೆ. ದೇವರು ಕೈ ನೋಡುವುದಿಲ್ಲ ಎಂದುಕೊಂಡಿದ್ದೇನೆ.

ನಾನು ಮಾಡುವ ಕೆಲಸ ಏನೆಂದು ನೀನು ಇಷ್ಟು ದಿನ ಕೇಳಿರಲಿಲ್ಲ. ಕೇಳಿದ್ದೀಯಾದ್ದರಿಂದ ಹೇಳುತ್ತೇನೆ. ಕಾರ್ಖಾನೆಯ ಮುಂದಿನ ಮನೆಯಲ್ಲಿ ಗಿಟಾರ್ ಹುಟ್ಟುತ್ತವೆ. ಹಿಂದಿನ ಮನೆಯಲ್ಲಿ ನಾವು ಅವುಗಳಿಗೆ ವಯಸ್ಸು ಮಾಡುತ್ತೇವೆ. ಮೊದಲು ಫ್ರೀಜರಿನಲ್ಲಿಟ್ಟು ಆಮೇಲೆ ಬಿಸಿಗಾಳಿ ಹೊಡೆಸುತ್ತಾರೆ, ವಾರ್ನಿಷ್ ಸಣ್ಣಗೆ ಬಿರಿಯುತ್ತದೆ. ಒಬ್ಬಾಕೆ ಸ್ಕ್ರೂಗಳನ್ನು ಹುಳಿನೀರಿನಲ್ಲಿ ನೆನೆಹಾಕಿ ತುಕ್ಕು ಬರಿಸುತ್ತಾಳೆ. ಇನ್ನೊಬ್ಬಾಕೆ ಬೀಗದಕೈ ಗೊಂಚಲು ಹಿಡಿದು ಹಿಂಬದಿಗೆ ಬಡಿಯುತ್ತಾಳೆ, ಅದು ನುಡಿಸುವವರ ಬೆಲ್ಟಿನ ಬಕಲ್ ತಾಗಿದ ಗಾಯವಂತೆ. ನಾನು ತೋಳಿನ ಜಾಗದವಳು. ರಂಧ್ರ ಕೊರೆದ ಅಚ್ಚಿನ ಹಾಳೆಯೊಂದು ಕೊಟ್ಟಿದ್ದಾರೆ. ಅದನ್ನು ಗಿಟಾರಿನ ಮೇಲಿಟ್ಟು, ರಂಧ್ರವಿದ್ದ ಕಡೆ ಉಪ್ಪುಕಾಗದದಿಂದ ಮರ ಕಾಣುವ ತನಕ ಉಜ್ಜುತ್ತೇನೆ. ಆಮೇಲೆ ಚಹಾದ ಕಷಾಯ ಒರೆಸುತ್ತೇನೆ, ಬೆವರು ಕುಡಿದ ಮರದ ಹಾಗೆ ಕಾಣಲಿ ಎಂದು. ನಮ್ಮ ಮೇಸ್ತ್ರಿಗೆ ನಾವೆಲ್ಲ ಕನ್ನಡಕದವರು ಅನ್ನುತ್ತೇವೆ. ಅವರು ಬಂದು ಮೂಸಿ ನೋಡಿ, "ಇನ್ನೂ ಹತ್ತು ವರ್ಷ ಹಾಕಿ" ಅನ್ನುತ್ತಾರೆ. ನಾನು ಹಾಕುತ್ತೇನೆ. ಮಧ್ಯಾಹ್ನದೊಳಗೆ ಹತ್ತು ವರ್ಷ.

ಕೊಳ್ಳಬೇಡ. ತಲೆಗೆ ಬಿಳಿಬಣ್ಣ ಬಳಿದುಕೊಂಡವಳು ಅಜ್ಜಿಯಾಗುವುದಿಲ್ಲ. ಗುಡಿಯ ಮೆಟ್ಟಿಲು ಸವೆಯುವುದು ನಡೆದವರ ಕಾಲಿನಿಂದ. ಉಳಿ ಹಿಡಿದು ಸವೆಸಿದರೆ ಮನುಷ್ಯರಿಗೆ ಗೊತ್ತಾಗದೆ ಇರಬಹುದು, ಒಳಗೆ ಕೂತವನಿಗೆ ಗೊತ್ತಾಗದೆ ಇರುತ್ತದೆಯೇ? ಹೊಟ್ಟೆಪಾಡಿಗೆ ಈ ಸುಳ್ಳನ್ನು ನಾನು ಉಜ್ಜುತ್ತೇನೆ, ದಿನಾ ಸಂಜೆ ತಪ್ಪಾಯಿತೆಂದು ಕೈಮುಗಿಯುತ್ತೇನೆ. ನೀನು ದುಡ್ಡು ಕೊಟ್ಟು ಕೊಳ್ಳಬೇಕೇ? ಮೂಗಿಗಿಂತ ಮೂಗುತಿ ಭಾರವಾಗಬಾರದು.

ರಿಪೇರಿಯವರಿಗೆ ತೋರಿಸಿದೆ. ಕತ್ತು ತಿರುಚಿಕೊಂಡಿದೆಯಂತೆ. ತಂತಿ ಬಿಗಿದರೆ ಮುರಿಯುತ್ತದೆ ಎಂದರು. ವಾಪಸು ತಂದು ದೇವರ ಕಪಾಟಿನ ಪಕ್ಕದ ಮೊಳೆಗೆ ಹಾಕಿದ್ದೇನೆ.

ನಿನ್ನ ಕೋಣೆಯ ಕಿಟಕಿ ಸರಿಮಾಡಿಸಿದೆ. ಬಾ ಎಂದು ಹೇಳುತ್ತಿಲ್ಲ, ಸುಮ್ಮನೆ ತಿಳಿಸಿದೆ.

ದೇವರು ನಿನ್ನ ಬೆರಳು ಕಾಯಲಿ.
ಅಮ್ಮ

ಮಾರ್ಚ್ ೨೦

ಅಮ್ಮಾ,

ನಿನ್ನ ಕಾಗದ ಬಂದು ತಿಂಗಳಾಯಿತು. ಕೆಲಸ ಮುಗಿಸಿ ಬಂದರೆ ಪೆನ್ನು ಹಿಡಿಯುವುದಿರಲಿ, ಚಪ್ಪಲಿ ಬಿಡಲೂ ಬೇಸರ. ಹಾಗೇ ಮಂಚದ ಮೇಲೆ ಬೀಳುತ್ತೇನೆ.

ನೀನೇ ಮಾಡಿ ನೀನೇ ಬೇಡ ಅನ್ನುವುದು ಚೆನ್ನಾಗಿದೆ. ಆದರೆ ನೀನು ಅದನ್ನು ನೋಡಿದ್ದೀಯ, ನುಡಿಸಿಲ್ಲ. ನಾನು ಹೋಗಿ ನುಡಿಸಿ ಬಂದೆ. ಹೊಸ ಗಿಟಾರಿನ ಕತ್ತು ಹೊಸ ಚಪ್ಪಲಿಯ ಹಾಗೆ, ಕಚ್ಚುತ್ತದೆ. ಇವುಗಳದ್ದು ಅಂಚು ದುಂಡಗೆ, ಕೈ ತಾನಾಗಿ ಜಾರುತ್ತದೆ. ಮತ್ತೆ, ಹೊಸದಕ್ಕೆ ಮೊದಲ ಗೀರು ಬಿದ್ದಾಗ ಹೊಟ್ಟೆ ಉರಿಯುತ್ತದಲ್ಲ, ಇಲ್ಲಿ ಆ ಕಾಟವಿಲ್ಲ. ಬೀಳಿಸಿದರೂ ಚಿಂತೆಯಿಲ್ಲ. ಅದು ಸುಳ್ಳೇ ಇರಬಹುದಮ್ಮ, ಆದರೆ ಕೈಗೆ ಹಿತ. ಮ್ಯಾನೇಜರ್ ಮೊನ್ನೆ ಮತ್ತೆ ಕೇಳಿದ. ಇನ್ನೊಬ್ಬ ಗಿಟಾರಿನವನನ್ನು ಕರೆಸಿ ಕೂರಿಸಿಕೊಂಡು ಚಹಾ ಕುಡಿಸುತ್ತಿದ್ದ, ನನಗೆ ಕಾಣುವ ಹಾಗೆ. ಅವನ ಗಿಟಾರ್ ನಿಮ್ಮ ಕಾರ್ಖಾನೆಯದೇ ಇರಬೇಕು, ಕುಷ್ಠ ಹಿಡಿದ ಹಾಗಿತ್ತು.

ಕೊಂಡುಬಿಡೋಣ ಅನಿಸುತ್ತದೆ. ಆದರೆ ಹಣ ಎಣಿಸಲು ಕೈ ಹಾಕಿದಾಗಲೆಲ್ಲ ಅಪ್ಪನ ಗಿಟಾರ್ ಕಣ್ಮುಂದೆ ಬರುತ್ತದೆ. ನೆನಪಿದೆಯಾ, ಅಪ್ಪ ಎಡಚ. ಬಲಗೈಯವರ ಗಿಟಾರನ್ನೇ ತಲೆಕೆಳಗು ಮಾಡಿ ನುಡಿಸುತ್ತಿದ್ದರು. ನನಗೆ ಕಲಿಸುವಾಗ ಎದುರುಬದುರು ಕೂತರೆ ಇಬ್ಬರ ಗಿಟಾರಿನ ಕತ್ತೂ ಒಂದೇ ಕಡೆಗೆ, ಅಡುಗೆಮನೆಯ ಕಡೆಗೆ. ಕನ್ನಡಿ ನೋಡಿಕೊಂಡು ನುಡಿಸಿದ ಹಾಗೆ. ಬೇರೆಯವರ ಎದುರು ಕೂತರೆ ನನಗೆ ಈಗಲೂ ಗಲಿಬಿಲಿಯಾಗುತ್ತದೆ.

ಅಪ್ಪ ಹೋಗಿ ಮೂರು ವರ್ಷ. ನೀನು ಅವರ ಬಗ್ಗೆ ಒಂದು ಮಾತು ಆಡಿಲ್ಲ. "ಕತ್ತು ತಿರುಚಿಕೊಂಡಿದೆ" ಅಂತ ಬರೆದೆಯಲ್ಲ, ಈ ಮೂರು ವರ್ಷದಲ್ಲಿ ನೀನು ಹೇಳಿದ್ದು ಅಷ್ಟೇ. ಅದೂ ಗಿಟಾರಿನ ಬಗ್ಗೆ. ಮನೆಗೆ ಬಂದರೆ ನಾನೂ ಗೋಡೆಯ ಹಾಗೆ ಕೂರಬೇಕಾಗುತ್ತದೆ, ಅದಕ್ಕೇ ಬರುತ್ತಿಲ್ಲ. ಹೇಳಿಬಿಟ್ಟೆ.

ಸಿಟ್ಟು ಬಂದರೆ ಬೈದು ಬರಿ.
ಗುಬ್ಬಿ

ಏಪ್ರಿಲ್ ೯

ಗುಬ್ಬೀ,

ಸಿಟ್ಟಿಲ್ಲ. ಸಿಟ್ಟು ಮಾಡಿಕೊಳ್ಳಲೂ ಮೈಯಲ್ಲಿ ಕಸುವು ಬೇಕು.

ನೀನು ಕೇಳಿದ ಮಾತಿಗೆ ಇವತ್ತು ಉತ್ತರ ಬರೆಯಲಾರೆ. ಇನ್ನೊಂದು ವಿಷಯ ಬರೆಯುತ್ತೇನೆ. ಮೊನ್ನೆ ನಮ್ಮಲ್ಲಿ ಅಚ್ಚಿನ ಹಾಳೆ ಹರಿದುಹೋಯಿತು. ಹೊಸದು ಬರಲು ಎರಡು ದಿನ ಬೇಕಿತ್ತು. ಕನ್ನಡಕದವರು ಯಾವುದೋ ಮದುವೆಗೆ ಹೊರಟಿದ್ದರು. ಒಂದು ಕಾಲು ಬಾಗಿಲಾಚೆ ಇಟ್ಟುಕೊಂಡೇ ಹೇಳಿದರು, "ಅಕ್ಕಾ, ನಿಮ್ಮ ಮನೇಲಿ ನುಡಿಸೋರು ಇದ್ರಂತಲ್ಲ. ಸವೆದ ಗಿಟಾರ್ ನೀವು ಕಣ್ಣಾರೆ ನೋಡಿರ್ತೀರಿ. ಈ ಕಂದು ಬಣ್ಣದ್ದನ್ನ ನಿಮ್ಮ ಬುದ್ಧಿಯಿಂದ ಮಾಡಿ ನೋಡೋಣ."

ನಾನು ಬುದ್ಧಿಯಿಂದೇನೂ ಮಾಡಲಿಲ್ಲ. ಉಪ್ಪುಕಾಗದ ಕೈಗೆ ತೆಗೆದುಕೊಂಡೆ, ಕೈ ತಾನಾಗಿ ಹೋಯಿತು. ಎಲ್ಲಿ ನಿಲ್ಲಬೇಕೆಂದೂ ಅದಕ್ಕೇ ಗೊತ್ತಿತ್ತು. ಪಕ್ಕದ ಮೇಜಿನ ತುಕ್ಕಿನಾಕೆ, "ಏನಕ್ಕಾ, ಮಗು ಮೈ ಉಜ್ಜಿದ ಹಾಗೆ ಉಜ್ತಾ ಇದ್ದೀರಿ" ಅಂದಳು. ಆಗ ಎಚ್ಚರವಾಯಿತು. ಭುಜ ನೋಯುತ್ತಿರಲಿಲ್ಲ. ಅವತ್ತು ಸಂಜೆ ದೇವರ ಮುಂದೆ ನಿಂತಾಗ ತಪ್ಪಾಯಿತು ಅನ್ನಬೇಕು ಅನಿಸಲಿಲ್ಲ. ಯಾಕೆಂದು ಗೊತ್ತಿಲ್ಲ.

ಮದುವೆ ಮುಗಿಸಿ ಬಂದ ಕನ್ನಡಕದವರು ಅದನ್ನು ದೂರ ಹಿಡಿದು ನೋಡಿ, "ಇದು ಬದುಕಿದ ಗಿಟಾರ್ ಕಣ್ರೀ" ಎಂದು ಹೊಗಳಿ ಪೆಟ್ಟಿಗೆಗೆ ಹಾಕಿಸಿದರು. ಹೋಯಿತು.

ಕೊಳ್ಳುವುದು ಬಿಡುವುದು ನಿನ್ನಿಷ್ಟ. ಕೈಗೆ ಹಿತ ಅಂದೆಯಲ್ಲ, ಅದು ನನಗೆ ಗೊತ್ತಿರಲಿಲ್ಲ. ಇದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಯಿತು, ನನಗೂ ಗೊತ್ತು.

ಮಲಗುವ ಮುಂಚೆ ಬೆರಳಿಗೆ ಎಣ್ಣೆ ಹಚ್ಚು.
ಅಮ್ಮ

ಮೇ ೨೨

ಅಮ್ಮಾ,

ಇವತ್ತು ಹಣ ಹಿಡಿದುಕೊಂಡೇ ಅಂಗಡಿಗೆ ಹೋಗಿದ್ದೆ. ಸಾಲಿನಲ್ಲಿದ್ದುದನ್ನೆಲ್ಲ ನೋಡಿದೆ. ಮೂಲೆಯಲ್ಲಿ ಒಂದನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು. ಕಂದು ಬಣ್ಣದ್ದು. "ಅದು ಬೇಡ ಮೇಡಂ" ಅಂದ ಅಂಗಡಿಯವನು. "ಕಾರ್ಖಾನೆಯವರು ತಪ್ಪು ಮಾಡಿದ್ದಾರೆ, ದೂರು ಕೊಟ್ಟಿದ್ದೀನಿ. ನೋಡಿ, ತೋಳು ಊರೋದು ಮೇಲಿನ ಅಂಚಿಗೆ. ಇದು ಕೆಳಗಿನ ಅಂಚಲ್ಲಿ ಸವೆದಿದೆ. ಇದನ್ನ ನುಡಿಸ್ದೋನು ಮನುಷ್ಯ ಅಲ್ಲ, ಬಾವಲಿ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಅದನ್ನು ಎತ್ತಿ ತಲೆಕೆಳಗು ಮಾಡಿದೆ.

ಅಮ್ಮಾ, ಅದು ಅಪ್ಪನ ತೋಳು. ಅದೇ ಆಕಾರ, ಮೊಣಕೈ ಕಡೆ ಅಗಲ, ಮುಂದೆ ಹೋಗುತ್ತ ಕಿರಿದು. ಗಿಟಾರಿನ ತಲೆಯ ಹತ್ತಿರ, ನುಡಿಸುವಾಗ ಅಪ್ಪ ಉರಿಯುವ ಸಿಗರೇಟನ್ನು ತಂತಿಯ ತುದಿಗೆ ಸಿಕ್ಕಿಸುತ್ತಿದ್ದ ಕಡೆ, ಸಣ್ಣ ಸುಟ್ಟ ಕಲೆ. ಆ ಸಿಗರೇಟಿಗೆ ನೀನು ಜೀವಮಾನವಿಡೀ ಜಗಳವಾಡಿದೆ. ಅದನ್ನೂ ಮರೆಯದೆ ಹಾಕಿದ್ದೀಯ!

ನೀನೇ ತಾನೆ ಮಾಡಿದ್ದು? ಏಪ್ರಿಲ್‌ನಲ್ಲಿ ಬರೆದೆಯಲ್ಲ, ಕೈ ತಾನಾಗಿ ಹೋಯಿತು ಅಂತ. ನನ್ನ ಹತ್ತಿರ ಮೂರು ವರ್ಷ ಒಂದು ಮಾತಾಡದವಳು ಯಾರೋ ಕೊಳ್ಳುವವರಿಗೆ ಮರದ ಹಲಗೆಯ ಮೇಲೆ ಅಪ್ಪನನ್ನು ಪೂರ್ತಿ ಬರೆದು ಕಳಿಸಿದ್ದೀಯ. ಚೀಟಿ ಕಟ್ಟಿ. ಜನ ನಗುವುದಕ್ಕೆ.

ಕೆಳಗಿಟ್ಟು ಹೊರಗೆ ಬಂದುಬಿಟ್ಟೆ. ಅಂಗಡಿಯವನು, "ಮೇಡಂ, ಬೇಕಾದ್ರೆ ಕಮ್ಮಿ ಮಾಡ್ಕೊಡ್ತೀನಿ" ಎಂದು ಹಿಂದೆ ಕೂಗುತ್ತಿದ್ದ. ಅಪ್ಪನನ್ನು ಕಮ್ಮಿ ಮಾಡಿ ಕೊಡುತ್ತಾನಂತೆ.

ಕಾರ್ಯಕ್ರಮಕ್ಕೆ ಇನ್ನು ಎರಡು ವಾರವೂ ಇಲ್ಲ. ಅದನ್ನು ಕೊಳ್ಳಲೋ ಬಿಡಲೋ? ಈ ಸಲ ದೀಪವನ್ನು ಗೋಡೆಯ ಮೇಲೆ ಇಡಬೇಡ. ಈಚೆಗೋ ಆಚೆಗೋ, ಒಂದು ಕಡೆ ಇಡು.

ನಿನ್ನ ಮಗಳು

ಮೇ ೨೮

ಗುಬ್ಬೀ,

ಈ ಸಲ ಗುಬ್ಬಿ ಎಂದು ಸಹಿ ಹಾಕಲಿಲ್ಲ ನೀನು. ಆದರೂ ನಾನು ಹಾಗೇ ಕರೆಯುತ್ತೇನೆ.

ನಾನೇ ಮಾಡಿದ್ದು. ಆದರೆ ಮಾಡುವಾಗ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರುವ ಸವೆದ ಗಿಟಾರ್ ಲೋಕದಲ್ಲಿ ಒಂದೇ. ಅದು ಲೋಕಕ್ಕೆ ತಲೆಕೆಳಗು ಎಂದು ಹೊಳೆಯಲೇ ಇಲ್ಲ. ನಿನ್ನ ಕಾಗದಕ್ಕೆ ಮುಂಚೆಯೇ ದೂರು ಬಂದಿತ್ತು. ಕನ್ನಡಕದವರು ಎಲ್ಲರ ಮುಂದೆ ಕರೆದು, "ಏನಕ್ಕಾ, ನಿಮ್ಮನೇಲಿ ಗಿಟಾರ್ ತಲೆಕೆಳಗೆ ನುಡಿಸ್ತಾರಾ?" ಎಂದರು. "ಹೌದು ಸಾರ್, ನಮ್ಮನೇಲಿ ಹಾಗೇ ನುಡಿಸ್ತಿದ್ರು" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು. ಕೈತೊಳೆಯುವ ಕಡೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ತುಕ್ಕಿನಾಕೆ ಹಿಂದೆಯೇ ಬಂದಳು. ನಲ್ಲಿ ನಿಲ್ಲಿಸಿ ಸೆರಗು ಕೊಟ್ಟಳು. ಈಗ ನನ್ನನ್ನು ತೋಳಿನಿಂದ ತೆಗೆದು ಸ್ಕ್ರೂಗೆ ಹಾಕಿದ್ದಾರೆ. ಒಳ್ಳೆಯದೇ ಆಯಿತು, ಭುಜಕ್ಕೆ ಬಿಡುವು.

ನೀನು ಮೂರು ವರ್ಷದ ಲೆಕ್ಕ ಹೇಳಿದೆ. ಬಾಯಿ ತೆರೆದರೆ ಅಳು ಬರುತ್ತದೆ ಗುಬ್ಬೀ. ಅಳು ಬಂದರೆ ಮರುದಿನ ಏಳಲು ಆಗುವುದಿಲ್ಲ. ಏಳದಿದ್ದರೆ ನಡೆಯುವುದು ಹೇಗೆ? ಅದಕ್ಕೆ ಊಟ ಆಯ್ತಾ ಎಂದು ಕೇಳಿ ಮುಗಿಸುತ್ತಿದ್ದೆ. ದೇವರ ಹತ್ತಿರವೂ ಅವರ ಹೆಸರೆತ್ತಿಲ್ಲ. ಅವನೂ ಕೇಳಿಲ್ಲ.

ಈಗ ಒಂದು ಮಾತು ಹೇಳುತ್ತೇನೆ. ಅಂಗಡಿಯವರಿಗೂ ಕನ್ನಡಕದವರಿಗೂ ತಿಳಿಯದ ಮಾತು. ನಿಮ್ಮಪ್ಪನ ಗಿಟಾರಿನಲ್ಲಿ ಆ ಜಾಗ ಸವೆದದ್ದು ಪೂರ್ತಿ ನುಡಿಸಿ ಅಲ್ಲ. ನೀನು ಎದುರಿಗೆ ಕೂತು ತಪ್ಪು ನುಡಿಸುತ್ತಿದ್ದೆ. ಅವರು "ತಪ್ಪು" ಅನ್ನುತ್ತಿರಲಿಲ್ಲ. ತಂತಿಯಿಂದ ಬೆರಳು ತೆಗೆದು, ತೋಳನ್ನು ಮಾತ್ರ ಆ ಅಂಚಿನ ಮೇಲೆ ಹಾಗೇ ಊರಿಕೊಂಡು ಕಾಯುತ್ತಿದ್ದರು. ನೀನು ಮತ್ತೆ ಶುರುಮಾಡುತ್ತಿದ್ದೆ, ಅದೇ ಕಡೆ ಮತ್ತೆ ಎಡವುತ್ತಿದ್ದೆ. ಅವರು ಮತ್ತೆ ಕಾಯುತ್ತಿದ್ದರು. ನಾನು ಒಲೆಯ ಮುಂದೆ ನಿಂತು, "ಹೇಳಿಕೊಡಬಾರದೇನ್ರೀ ಆ ಮಗೂಗೆ?" ಎಂದರೆ, "ಬರುತ್ತೆ ಬಿಡೆ, ದಾರೀಲಿದೆ" ಎನ್ನುತ್ತಿದ್ದರು. ಬೇಸಿಗೆಯಲ್ಲಿ ತೋಳಿನ ಬೆವರು ಇಳಿದು ಅಂಚು ಒದ್ದೆಯಾಗುತ್ತಿತ್ತು. ಬಣ್ಣ ಹೋದದ್ದು ಹಾಗೆ. ಅರ್ಧ ನುಡಿಸಿ, ಅರ್ಧ ನಿನಗಾಗಿ ಕಾದು. ಅಷ್ಟು ವರ್ಷದ ಕಾಯುವಿಕೆಯನ್ನು ನಾನು ಒಂದು ಮಧ್ಯಾಹ್ನದಲ್ಲಿ ಉಜ್ಜಿ ಕೂತೆ.

ದೀಪ ಒಂದು ಕಡೆ ಇಡು ಅಂದೆ. ಇಡುತ್ತೇನೆ. ಕೈಗೆ ಹಿತವಾದರೆ, ಹೊಟ್ಟೆಪಾಡಿಗೆ ಬೇಕಾದರೆ, ಸಾಲಿನಲ್ಲಿರುವ ಯಾವುದಾದರೂ ತಗೋ. ಅದು ಚಪ್ಪಲಿ ಕೊಂಡ ಹಾಗೆ, ಪಾಪವಲ್ಲ. ನಾನು ಮೊದಲು ಹೇಳಿದ್ದು ಸ್ವಲ್ಪ ಹೆಚ್ಚಾಯಿತು. ಆದರೆ ಆ ಕಂದು ಬಣ್ಣದ್ದರಲ್ಲಿ ಅಪ್ಪ ಸಿಗುತ್ತಾರೆ ಎಂದುಕೊಂಡು ಕೊಳ್ಳಬೇಡ. ಸಿಗುವುದಿಲ್ಲ. ಅದರಲ್ಲಿ ಇರುವುದು ನನ್ನ ಕೈ ಮಾತ್ರ.

ಇನ್ನೂ ಒಂದು. ಅದರ ಮೇಲಿನ ಅಂಚನ್ನು ನಾನು ಮುಟ್ಟಿಲ್ಲ. ನಿನ್ನ ತೋಳು ಊರುವ ಕಡೆ ಅದು. ಅಲ್ಲಿ ಬಣ್ಣ ಹಾಗೇ ಇದೆ. ಯಾವ ಗಿಟಾರಿನದೇ ಆಗಲಿ, ಆ ಅಂಚನ್ನು ನಿನ್ನ ತೋಳಿನ ಹಾಗೆ ಉಜ್ಜುವುದು ನನ್ನಿಂದಲೂ ಆಗುವುದಿಲ್ಲ, ಕಾರ್ಖಾನೆಯಿಂದಲೂ ಆಗುವುದಿಲ್ಲ.

ಬರೆದು ಸುಸ್ತಾಯಿತು. ಒಲೆಯ ಮೇಲೆ ನೀರಿಟ್ಟು ಮರೆತಿದ್ದೆ, ಎಲ್ಲ ಆವಿಯಾಗಿದೆ.
ಅಮ್ಮ

ಜೂನ್ ೧೨

ಅಮ್ಮಾ,

ನಿನ್ನ ಕಾಗದವನ್ನು ಬಸ್ಸಿನಲ್ಲಿ ಓದಿದೆ. ಇಳಿಯುವ ಜಾಗ ದಾಟಿಹೋಯಿತು. ಹಿಂದಕ್ಕೆ ನಡೆದುಕೊಂಡು ಬರುವಾಗ ದಾರಿಯಲ್ಲಿ ಅಂಗಡಿ ಸಿಕ್ಕಿತು, ಒಳಗೆ ಹೋದೆ.

ಕಂದು ಬಣ್ಣದ್ದು ಅದೇ ಮೂಲೆಯಲ್ಲಿತ್ತು. ಕೂತು, ತಲೆಕೆಳಗು ಹಿಡಿದು, ಒಂದು ಹಾಡನ್ನು ಅಪ್ಪನ ಹಾಗೆ ನುಡಿಸಲು ನೋಡಿದೆ. ಬರಲಿಲ್ಲ. ಬೆರಳೆಲ್ಲ ಸಿಕ್ಕುಸಿಕ್ಕಾಯಿತು. ಆದರೂ ತೋಳು ಊರಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅಂಗಡಿಯವನು, "ಏನು ಮೇಡಂ, ನೀವೂ ಬಾವಲಿ ಪಕ್ಷಾನಾ?" ಅಂದ.

"ಹುಟ್ಟಿದ್ದೇ ಆ ಮನೇಲಿ" ಅಂದೆ. ಆಮೇಲೆ ಹೇಳಿದೆ, "ಇದನ್ನ ಮೂಲೇಲಿ ಇಡಬೇಡಿ. ತಲೆಕೆಳಗು ಮಾಡಿ ಸಾಲಲ್ಲೇ ನೇತುಹಾಕಿ. ಎಡಚರು ಬರಲ್ವಾ ನಿಮ್ಮ ಅಂಗಡಿಗೆ?" ಅವನು ಗೊಣಗಿಕೊಂಡು ತಿರುಗಿಸಿ ನೇತುಹಾಕಿದ. ದೂರ ನಿಂತು ನೋಡಿದ. "ಅರೇ, ಈಗ ಸರಿಯಾಗಿದೆಯಲ್ಲ" ಅಂದ. ನಾನು ಕೊಳ್ಳದೆ ಬಂದೆ. ಬೇರೆ ಯಾವುದನ್ನೂ ಕೊಳ್ಳಲಿಲ್ಲ.

ಮ್ಯಾನೇಜರ್‌ಗೆ ನೀಲಿಯದೇ ನುಡಿಸುತ್ತೇನೆ ಎಂದು ಹೇಳಿದೆ. ಅವನು ಹಣೆ ಚಚ್ಚಿಕೊಂಡ. ಅವತ್ತು ಚಹಾ ಕುಡಿದ ಗಿಟಾರಿನವನು ಹೆಚ್ಚು ಸಂಬಳ ಕೇಳಿದನಂತೆ, ಹಾಗಾಗಿ ನನ್ನನ್ನು ಕಳಿಸಲಿಲ್ಲ. ವೇದಿಕೆಯ ಹಿಂಭಾಗದಲ್ಲಿ, ಬೆಳಕು ಬೀಳದ ಕಡೆ ನಿಲ್ಲಿಸಿದ್ದಾನೆ. ಅಲ್ಲಿಂದ ಡ್ರಮ್‌ನವನ ಬೋಳುತಲೆಯೊಂದೇ ಕಾಣುತ್ತದೆ. ಸಂಬಳವೂ ಹಿಂಭಾಗದ್ದೇ. ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ. ಕಾಲು ನೋಯುತ್ತದೆ, ಕೂರಲು ಕುರ್ಚಿ ಕೇಳಿದ್ದೇನೆ.

ನಿನ್ನೆ ಬೆಳಿಗ್ಗೆ ಕಿಟಕಿಯ ಹತ್ತಿರ ತಂತಿ ಬದಲಾಯಿಸುತ್ತಿದ್ದೆ. ಬೆಳಕು ಓರೆಯಾಗಿ ಬಿದ್ದಿತ್ತು. ನೀಲಿಯ ಮೇಲಿನ ಅಂಚಿನಲ್ಲಿ, ಅಂಗೈಯಗಲ, ಹೊಳಪು ಇರಲಿಲ್ಲ. ಧೂಳೆಂದು ಒರೆಸಿದೆ, ಹೋಗಲಿಲ್ಲ. ಎದುರಿನಿಂದ ನೋಡಿದರೆ ಕಾಣುವುದೇ ಇಲ್ಲ, ಓರೆ ಹಿಡಿದರೆ ಮಾತ್ರ ಕಾಣುತ್ತದೆ. ಯಾವಾಗ ಶುರುವಾಯಿತೋ ನನಗೆ ಗೊತ್ತೇ ಇಲ್ಲ.

ಬರುವ ಭಾನುವಾರ ಕೆಲಸವಿಲ್ಲ. ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ, ನೀಲಿಯನ್ನೂ ತರುತ್ತೇನೆ. ನೀನು ಒಲೆಯ ಮುಂದೆ ನಿಲ್ಲಬೇಡ. ಅಪ್ಪ ಕೂರುತ್ತಿದ್ದ ಕಡೆ, ನನ್ನ ಎದುರಿಗೆ ಕೂತುಕೋ. ಅತ್ತರೆ ಅಳು. ಮರುದಿನ ಏಳಲು ಆಗದಿದ್ದರೆ ದೀಪ ನಾನು ಹಚ್ಚುತ್ತೇನೆ.

ನುಡಿಸುವುದು ನಾನು, ಮಾತಾಡುವುದು ನೀನು. ನೀನು ತಡೆದಾಗಲೆಲ್ಲ ನಾನು ಕಾಯುತ್ತೇನೆ.

ಗುಬ್ಬಿ